ಗೆರೆ ಗೀಚಿ ಮನಸ್ಸು ತಲುಪುವ ಆಟ

ಎಂಟು ಹತ್ತು ವರ್ಷದ ಮಗುವನ್ನು ಎದುರು ಕೂರಿಸಿಕೊಂಡು ‘ಏನಾಯ್ತು, ಹೇಳು’ ಎಂದರೆ ಉತ್ತರ ಬರುವುದು ಅಪರೂಪ. ಗೊಂಬೆಯಾಟದಲ್ಲಿ ಮೈಮರೆಯುವ ವಯಸ್ಸು ದಾಟಿದೆ. ಸಂಕಟವನ್ನು ದೊಡ್ಡವರಂತೆ ಮಾತಿಗಿಳಿಸುವ ಶಕ್ತಿ ಇನ್ನೂ ಬಂದಿಲ್ಲ. ಈ ನಡುವಿನ ಹಂತಕ್ಕೆ ಲಂಡನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ಅವರ ಗೀಚಾಟ ಹೇಳಿ ಮಾಡಿಸಿದಂತಿದೆ. ವೈದ್ಯರು ಕಾಗದದ ಮೇಲೆ ಸುಮ್ಮನೆ ಒಂದು ಗೆರೆ ಎಳೆಯುತ್ತಾರೆ, ಮಗು ಅದನ್ನು ಚಿತ್ರವಾಗಿಸುತ್ತದೆ. ಆಮೇಲೆ ಮಗು ಗೀಚುತ್ತದೆ, ಪೂರ್ತಿ ಮಾಡುವ ಸರದಿ ವೈದ್ಯರದು. ಇದೇನೂ ಗಂಭೀರ ಪರೀಕ್ಷೆಯಲ್ಲವೆಂದು ಮಗುವಿಗೆ ತಿಳಿಯಲೆಂದೇ ವಿನಿಕಾಟ್ ಕೆಲವು ಹಾಳೆಗಳನ್ನು ಅರ್ಧಕ್ಕೆ ಹರಿದಿಡುತ್ತಿದ್ದರು. 1971ರಲ್ಲಿ ಬಂದ ಅವರ ಪುಸ್ತಕದ ಮೊದಲ ಪ್ರಕರಣ ಫಿನ್ಲೆಂಡಿನ 9 ವರ್ಷದ ಹುಡುಗನದು. ಅವನ ಬೆರಳುಗಳು ಹುಟ್ಟಿನಿಂದಲೇ ಕೂಡಿಕೊಂಡಿದ್ದವು. ವೈದ್ಯರ ಗೆರೆಯಲ್ಲಿ ಅವನಿಗೆ ಕಂಡದ್ದು ಬಾತುಕೋಳಿಯ ಪಾದ! ಇಬ್ಬರ ನಡುವೆ ಮಾತಿಗೆ ದುಭಾಷಿ ಬೇಕಿತ್ತು. ಆದರೂ ಮನಸ್ಸಿನ ಭಾರ ಕಾಗದಕ್ಕೆ ಇಳಿಯಿತು.

ಗೀಚಿದ್ದಕ್ಕೆಲ್ಲ ವೈದ್ಯರು ತಮಗೆ ಬೇಕಾದ ಅರ್ಥ ಹಚ್ಚಬಹುದಲ್ಲ ಎಂಬ ಆಕ್ಷೇಪ ಸಣ್ಣದಲ್ಲ. ಆದರೆ ಆ ಗೆರೆಯನ್ನು ಪಾದವೆಂದು ಕರೆದದ್ದು ಹುಡುಗ, ವೈದ್ಯರಲ್ಲ. ಒಂದೆರಡು ಭೇಟಿಯಲ್ಲಿ ಮುಗಿಯುವ ಈ ಆಟದಿಂದ ಏನಾದೀತು ಎನ್ನುವವರಿಗೆ ವಿನಿಕಾಟ್ ಅವರ ಉತ್ತರ ಪ್ರಾಮಾಣಿಕವಾದದ್ದು: ಮನೆಯ ಆಸರೆ ಗಟ್ಟಿಯಿದ್ದರೆ ಮಾತ್ರ ಇಂಥ ಕಿರು ನೆರವು ಫಲಿಸುತ್ತದೆ. ಇದನ್ನು ಕಟ್ಟುನಿಟ್ಟಿನ ವಿಧಾನವಾಗಿಸಲೂ ಅವರು ಒಪ್ಪಲಿಲ್ಲ. ಮಗುವಿನೊಡನೆ ಸರಿಸಮನಾಗಿ ಕೂತು ತಾನೂ ಗೀಚುವ ವಿನಯವೇ ಈ ಕಲೆಯ ಸತ್ವ. ಪ್ರಶ್ನೆಗಳ ಮಳೆಗರೆದು ಮಕ್ಕಳ ಬಾಯಿ ಮುಚ್ಚಿಸುವ ನಾವೆಲ್ಲ ಅದನ್ನು ಕಲಿಯಬೇಕು.