ದಾಮಿನಿ: ಎಚ್ಚರಿಕೆ ಉಂಟು, ನಿಯಮ ಎಲ್ಲಿ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲಿನಲ್ಲಿ ಸುಂಟರಗಾಳಿ ಅಪರೂಪ. ಏಪ್ರಿಲ್-ಮೇ ತಿಂಗಳ ಸಿಡಿಲು ಹಾಗಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ 20 ಮತ್ತು 40 ಕಿ.ಮೀ. ವ್ಯಾಪ್ತಿಯ ಸಿಡಿಲನ್ನು ಸೂಚಿಸುತ್ತದೆ. ಇದು ಮೆಚ್ಚತಕ್ಕದ್ದೇ. ಆದರೆ ತರಬೇತಿ ಕೇಂದ್ರದ ಆವರಣಕ್ಕೆ ಇಷ್ಟೇ ಸಾಲದು. ಮೈದಾನದಲ್ಲಿರುವ ಶಿಬಿರಾರ್ಥಿಗಳ ಕೈಯಲ್ಲಿ ಮೊಬೈಲ್ ಇರುವುದಿಲ್ಲ. ಗುಡುಗು ಕೇಳಲು ಮೊಬೈಲ್ ಬೇಕಿಲ್ಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ. ಕೂಡಲೇ ಮರದಡಿ, ತಗಡಿನ ಚಪ್ಪರ ಬಿಟ್ಟು ಪಕ್ಕಾ ಕಟ್ಟಡ ಸೇರಬೇಕು; ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಸೆಕೆಂಡು ಎಣಿಸುವವರು ಯಾರು, ಗಂಟೆ ಬಾರಿಸುವವರು ಯಾರು? ಇದನ್ನು ಆ್ಯಪ್ ಹೇಳಲಾರದು. ಪ್ರಾಚಾರ್ಯರು ಮಳೆಗಾಲಕ್ಕೆ ಮುನ್ನವೇ ಗೊತ್ತುಪಡಿಸಬೇಕು.