ಎರಡು ಮೇಜುಗಳ ನಡುವಿನ ಮಾತು: ವಿಮಾನಗಳ ಅಂತರ ತಪ್ಪುವ ಬಗೆ

ಹಾರುತ್ತಿರುವ ಎರಡು ವಿಮಾನಗಳ ನಡುವೆ ಇರಲೇಬೇಕಾದ ಕನಿಷ್ಠ ದೂರವನ್ನು ವಾಯು ಸಂಚಾರ ನಿಯಂತ್ರಣದಲ್ಲಿ ‘ಅಂತರ’ ಎನ್ನುತ್ತಾರೆ. ರೇಡಾರ್ ಕಣ್ಗಾವಲಿರುವ ದೂರಮಾರ್ಗಗಳಲ್ಲಿ ಇದು ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9 ಕಿಲೋಮೀಟರ್. ನಿಲ್ದಾಣದ ಸುತ್ತ 3 ನಾಟಿಕಲ್ ಮೈಲಿ ಸಾಕು. ಅಷ್ಟು ದೂರ ಸಿಗದ ಕಡೆ ಎತ್ತರದಲ್ಲಾದರೂ 1,000 ಅಡಿ ವ್ಯತ್ಯಾಸ ಇರಬೇಕು. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಬರುವ ಎರಡು ಜೆಟ್‌ಗಳು ಆ 9 ಕಿಲೋಮೀಟರನ್ನು 20 ಸೆಕೆಂಡಿನೊಳಗೆ ಮುಗಿಸಿಬಿಡುತ್ತವೆ. ಹೀಗಾಗಿ ತಪ್ಪಿದ ಅಂತರವನ್ನು ಸರಿಪಡಿಸುವುದಕ್ಕಿಂತ ಅದು ತಪ್ಪದಂತೆ ಮೊದಲೇ ನೋಡಿಕೊಳ್ಳುವುದೇ ನಿಯಂತ್ರಕರ ನಿಜವಾದ ಕೆಲಸ.

ಆ ಕೆಲಸ ಒಬ್ಬರ ಕೈಯಲ್ಲಿ ಇರುವುದಿಲ್ಲ. ಆಕಾಶವನ್ನು ಸೆಕ್ಟರ್‌ಗಳಾಗಿ ಹಂಚಿರುತ್ತಾರೆ. ಬೆಂಗಳೂರಿನಿಂದ ಏಳುವ ವಿಮಾನವನ್ನು ಮೊದಲು ಟವರ್ ನೋಡಿಕೊಳ್ಳುತ್ತದೆ, ಬಳಿಕ ಅಪ್ರೋಚ್ ರೇಡಾರ್. ಇನ್ನೂ ಮೇಲೇರಿದಂತೆ ಅದು ದಕ್ಷಿಣ ಭಾರತದ ಮೇಲ್ಮಟ್ಟದ ಆಕಾಶವನ್ನು ನೋಡಿಕೊಳ್ಳುವ ಚೆನ್ನೈ ಕೇಂದ್ರದ ವಶಕ್ಕೆ ಹೋಗುತ್ತದೆ. ಒಬ್ಬರಿಂದ ಇನ್ನೊಬ್ಬರಿಗೆ ವಿಮಾನ ದಾಟುವ ಮುನ್ನ ಯಾವ ಎತ್ತರ, ಯಾವ ದಾರಿ, ಯಾವ ಹೊತ್ತು ಎಂಬುದನ್ನು ಇಬ್ಬರೂ ಒಪ್ಪಿಕೊಳ್ಳಬೇಕು. ಇದಕ್ಕೆ ಸಮನ್ವಯ ಎಂದು ಹೆಸರು. ಅಂತರ ತಪ್ಪಿದ ಹಲವು ಪ್ರಕರಣಗಳ ಬೇರು ಸಿಗುವುದು ಇಲ್ಲಿ.

ಈ ಪದ್ಧತಿಯಲ್ಲಿ ಒಂದು ಅಸಮತೋಲನವಿದೆ. ನಿಯಂತ್ರಕ ಎತ್ತರದ ಆದೇಶ ಕೊಟ್ಟರೆ ಪೈಲಟ್ ಅದನ್ನು ಅಕ್ಷರಶಃ ತಿರುಗಿ ಹೇಳಲೇಬೇಕು. ಹೇಳದಿದ್ದರೆ ಕೇಳಿ ಹೇಳಿಸಿಕೊಳ್ಳಬೇಕು, ತಪ್ಪಾಗಿ ಹೇಳಿದರೆ ತಿದ್ದಬೇಕು. ರೀಡ್‌ಬ್ಯಾಕ್ ಎಂಬ ಈ ಶಿಸ್ತು ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ ಒಂದೇ ಕೋಣೆಯಲ್ಲಿ ನಾಲ್ಕು ಅಡಿ ದೂರ ಕುಳಿತ ಇಬ್ಬರು ನಿಯಂತ್ರಕರ ನಡುವೆ ಅದೇ ಕಟ್ಟುನಿಟ್ಟು ಸುಲಭವಾಗಿ ಸಡಿಲಗೊಳ್ಳುತ್ತದೆ. ಒಂದು ತಲೆಯಾಟ, ಎತ್ತಿದ ಕೈ, ‘ಸರಿ’ ಎಂಬ ಒಂದು ಮಾತು ಒಪ್ಪಂದವೆನಿಸಿಕೊಳ್ಳುತ್ತದೆ. ಪೈಲಟ್‌ಗೆ ಕೊಡುವ ಆದೇಶದಷ್ಟೇ ತೂಕ ಈ ಮಾತಿಗೂ ಇದೆ. ಕಾವಲು ಮಾತ್ರ ಅಷ್ಟಿಲ್ಲ.

1976ರ ಸೆಪ್ಟೆಂಬರ್ 10ರಂದು ಯುಗೊಸ್ಲಾವಿಯಾದ ಝಾಗ್ರೆಬ್‌ನಲ್ಲಿ ನಡೆದದ್ದು ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ. ಲಂಡನ್‌ನಿಂದ ಇಸ್ತಾಂಬುಲ್‌ಗೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್‌ನ ಟ್ರೈಡೆಂಟ್ 33,000 ಅಡಿಯಲ್ಲಿತ್ತು. ಸ್ಪ್ಲಿಟ್‌ನಿಂದ ಕೊಲೋನ್‌ಗೆ ಹೊರಟಿದ್ದ ಇನೆಕ್ಸ್ ಆಡ್ರಿಯಾದ ಡಿಸಿ-9 ಕೆಳಗಿನಿಂದ ಏರುತ್ತಿತ್ತು. ಝಾಗ್ರೆಬ್ ಕೇಂದ್ರ ಆಕಾಶವನ್ನು ಕೆಳ, ಮಧ್ಯ, ಮೇಲು ಎಂದು ಮೂರು ಸೆಕ್ಟರ್ ಮಾಡಿಕೊಂಡಿತ್ತು. ಡಿಸಿ-9ರ ಪೈಲಟ್ ಇನ್ನೂ ಎತ್ತರ ಕೇಳಿದಾಗ ಮಧ್ಯ ಸೆಕ್ಟರ್‌ನವರು ಮೇಲಿನ ಸೆಕ್ಟರ್‌ನ ಒಪ್ಪಿಗೆ ಪಡೆಯಬೇಕಿತ್ತು. ಅಲ್ಲಿ ಇಬ್ಬರು ಇರಬೇಕಾದ ಕಡೆ ಒಬ್ಬನೇ ಇದ್ದ. ಪಾಳಿ ಬದಲಾವಣೆಗೆ ಬರಬೇಕಾದವರು ತಡವಾಗಿದ್ದರಿಂದ ಜೊತೆಗಾರ ಅವರನ್ನು ಹುಡುಕಿಕೊಂಡು ಎದ್ದುಹೋಗಿದ್ದ. ಒಬ್ಬನ ತಲೆಯ ಮೇಲೆ ಹತ್ತಕ್ಕೂ ಹೆಚ್ಚು ವಿಮಾನಗಳ ಭಾರ ಬಿದ್ದಿತ್ತು. ಆ ಗಡಿಬಿಡಿಯಲ್ಲಿ ಸನ್ನೆ ಮತ್ತು ಚುಟುಕು ಮಾತಿನಲ್ಲೇ ಸಮನ್ವಯ ಮುಗಿಯಿತು. ಡಿಸಿ-9ಕ್ಕೆ 35,000 ಅಡಿಗೆ ಏರುವ ಅನುಮತಿ ಸಿಕ್ಕಿತು. ಅಂದರೆ ಅದು ಟ್ರೈಡೆಂಟ್‌ನ ಮಟ್ಟವನ್ನು ಸೀಳಿಕೊಂಡೇ ಹೋಗಬೇಕಿತ್ತು.

ಡಿಸಿ-9 ಮೇಲಿನ ಸೆಕ್ಟರ್‌ನ ಸಂಪರ್ಕಕ್ಕೆ ಬಂದಾಗ ಆಗಲೇ 32,500 ಅಡಿ ದಾಟುತ್ತಿತ್ತು. ಅಪಾಯ ಅರಿತ ನಿಯಂತ್ರಕ, ಇಂಗ್ಲಿಷ್ ಬಿಟ್ಟು ತನ್ನ ತಾಯ್ನುಡಿಯಲ್ಲಿ, ಇರುವ ಎತ್ತರದಲ್ಲೇ ನಿಲ್ಲುವಂತೆ ಹೇಳಿದ. ಏರುತ್ತಿದ್ದ ವಿಮಾನ ಸಮಸ್ಥಿತಿಗೆ ಬರುವ ಹೊತ್ತಿಗೆ ಅದು ನಿಂತದ್ದು 33,000 ಅಡಿಯಲ್ಲೇ. ಎರಡೂ ವಿಮಾನಗಳಲ್ಲಿದ್ದ 176 ಮಂದಿ ಸತ್ತರು. ನೆರವಾಗಲೆಂದು ಕೊಟ್ಟ ಆದೇಶವೇ ಡಿಕ್ಕಿಯ ಎತ್ತರವನ್ನು ನಿಗದಿ ಮಾಡಿತು. ಆದರೆ ಆ ಕೊನೆಯ ಅರ್ಧ ನಿಮಿಷವನ್ನು ಮಾತ್ರ ನೋಡಿ ತೀರ್ಪು ಕೊಡುವುದು ಅನ್ಯಾಯ. ನ್ಯಾಯಾಲಯ ಹಾಗೆಯೇ ಮಾಡಿತು: ವಿಚಾರಣೆಗೆ ಒಳಗಾದವರಲ್ಲಿ ಆ ಒಬ್ಬ ನಿಯಂತ್ರಕನಿಗೆ ಮಾತ್ರ ಏಳು ವರ್ಷ ಸೆರೆ. ನಿಯಂತ್ರಕರ ಸಂಘಟನೆಗಳು ಮನವಿ ಮಾಡಿಕೊಂಡ ಮೇಲೆ, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದು, 1978ರಲ್ಲಿ ಆತ ಹೊರಬಂದ. ಖಾಲಿ ಕುರ್ಚಿಗೆ, ತಡವಾದ ಪಾಳಿಗೆ, ಕೈಸನ್ನೆಯನ್ನು ಒಪ್ಪಿಗೆಯೆಂದು ನಡೆಸಿಕೊಂಡು ಬಂದ ರೂಢಿಗೆ ಶಿಕ್ಷೆಯಾಗಲಿಲ್ಲ.

ಇಪ್ಪತ್ತಾರು ವರ್ಷಗಳ ನಂತರ, 2002ರ ಜುಲೈ 1ರ ರಾತ್ರಿ, ಜರ್ಮನಿಯ ಊಬರ್‌ಲಿಂಗೆನ್ ಮೇಲೆ ರಷ್ಯಾದ ಟುಪೊಲೆವ್ ಮತ್ತು ಡಿಎಚ್‌ಎಲ್‌ನ ಸರಕು ಬೋಯಿಂಗ್ ಡಿಕ್ಕಿಯಾಗಿ 71 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಪ್ರವಾಸ ಹೊರಟ ಶಾಲಾಮಕ್ಕಳು. ಆ ಭಾಗದ ಆಕಾಶ ಸ್ವಿಟ್ಜರ್ಲೆಂಡಿನ ಝೂರಿಕ್ ಕೇಂದ್ರದ ವಶದಲ್ಲಿತ್ತು. ಅಲ್ಲಿಯೂ ಒಬ್ಬನೇ ನಿಯಂತ್ರಕ ಎರಡು ಮೇಜು ನೋಡುತ್ತಿದ್ದ; ಇನ್ನೊಬ್ಬರು ವಿಶ್ರಾಂತಿಗೆ ಹೋಗುವುದು ಅಲ್ಲಿ ನಡೆದುಕೊಂಡು ಬಂದ ರೂಢಿ. ನಿರ್ವಹಣಾ ಕೆಲಸಕ್ಕಾಗಿ ಮುಖ್ಯ ದೂರವಾಣಿ ಬಂದ್ ಆಗಿತ್ತು, ಬದಲಿ ಮಾರ್ಗವೂ ಕೈಕೊಟ್ಟಿತು. ತಡವಾಗಿ ಇಳಿಯುತ್ತಿದ್ದ ಮತ್ತೊಂದು ವಿಮಾನದ ಬಗ್ಗೆ ಫ್ರೀಡ್ರಿಕ್ಸ್‌ಹಾಫೆನ್ ನಿಲ್ದಾಣವನ್ನು ಸಂಪರ್ಕಿಸಲು ಹೆಣಗುತ್ತಲೇ ಆತನ ಅಮೂಲ್ಯ ನಿಮಿಷಗಳು ಹೋದವು. ನೆರೆಯ ಕಾರ್ಲ್ಸ್‌ರುಹೆ ಕೇಂದ್ರದವರು ತಮ್ಮ ಪರದೆಯ ಮೇಲೆ ಅಪಾಯ ಕಂಡು ಝೂರಿಕ್‌ಗೆ ಮತ್ತೆ ಮತ್ತೆ ಕರೆ ಮಾಡಿದರು, ಕರೆ ಹೋಗಲಿಲ್ಲ. ಕೊನೆಗೆ ಟುಪೊಲೆವ್‌ಗೆ ಇಳಿಯಲು ನಿಯಂತ್ರಕ ಹೇಳಿದ, ಏರಲು ವಿಮಾನದೊಳಗಿನ, ಡಿಕ್ಕಿ ತಪ್ಪಿಸಲೆಂದೇ ಇರುವ ಟಿಕಾಸ್ ಯಂತ್ರ ಹೇಳಿತು. ಸಿಬ್ಬಂದಿ ನಿಯಂತ್ರಕನ ಮಾತು ಕೇಳಿದರು. ಬೋಯಿಂಗ್ ತನ್ನ ಯಂತ್ರ ಹೇಳಿದಂತೆ ಅದೇ ಹೊತ್ತಿಗೆ ಇಳಿಯುತ್ತಿತ್ತು.

ಈ ದುರಂತದಿಂದ ಜಗತ್ತು ಕಲಿತ ಮುಖ್ಯ ಪಾಠ ಟಿಕಾಸ್‌ನ ಮಾತೇ ಅಂತಿಮ ಎಂಬುದು. ಅಂತರರಾಷ್ಟ್ರೀಯ ನಿಯಮ ಅದನ್ನು ಸ್ಪಷ್ಟಪಡಿಸಿತು. ಒಳ್ಳೆಯದೇ; ಆದರೆ ಆ ಯಂತ್ರ ಕೊನೆಯ ಬಲೆ ಮಾತ್ರ. ಅದಕ್ಕಿಂತ ಮೊದಲೇ ಹರಿದದ್ದು ಮನುಷ್ಯರ ನಡುವಿನ ಸಂಪರ್ಕ. ಹೊಣೆಯ ಪ್ರಶ್ನೆಯಲ್ಲಿ ಮಾತ್ರ ಝಾಗ್ರೆಬ್‌ಗಿಂತ ಒಂದು ಹೆಜ್ಜೆ ಮುಂದೆ ಹೋದಂತಾಯಿತು: 2007ರಲ್ಲಿ ಸ್ವಿಸ್ ನ್ಯಾಯಾಲಯ, ಝೂರಿಕ್ ಕೇಂದ್ರವನ್ನು ನಡೆಸುವ ಸ್ಕೈಗೈಡ್ ಸಂಸ್ಥೆಯ ನಾಲ್ವರನ್ನು ತಪ್ಪಿತಸ್ಥರೆಂದಿತು. ಅವರಲ್ಲಿ ಮೂವರು ವ್ಯವಸ್ಥಾಪಕರು. ರಾತ್ರಿ ಪಾಳಿಗೆ ಒಬ್ಬನೇ ಸಾಕು ಎಂಬ ರೂಢಿಗೆ ಆಡಳಿತವೂ ಹೊಣೆ ಎಂಬ ಈ ತಿಳಿವಳಿಕೆಗೆ ಬೆಲೆ ಇದೆ.

ಕೋಣೆಯ ತುಂಬ ಜನರಿದ್ದು, ದೂರವಾಣಿ ಸರಿಯಿದ್ದರೂ ಸಮನ್ವಯ ತಪ್ಪಬಹುದೆಂಬುದನ್ನು 2022ರ ಜನವರಿ 7ರಂದು ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಕಂಡಿತು. ಅಲ್ಲಿ ಸಮಾನಾಂತರವಾದ ಎರಡು ರನ್‌ವೇಗಳಿವೆ. ಆ ಬೆಳಿಗ್ಗೆ ಉತ್ತರದ ರನ್‌ವೇ ಹೊರಡುವ ವಿಮಾನಗಳಿಗೆ, ದಕ್ಷಿಣದ್ದು ಇಳಿಯುವ ವಿಮಾನಗಳಿಗೆ ಮೀಸಲಾಗಿತ್ತು. ಬಳಿಕ ದಕ್ಷಿಣದ್ದನ್ನು ಮುಚ್ಚಿ ಎರಡಕ್ಕೂ ಉತ್ತರದ್ದನ್ನೇ ಬಳಸುವ ತೀರ್ಮಾನವಾಯಿತು. ಪ್ರಾಥಮಿಕ ತನಿಖೆಯ ಪ್ರಕಾರ ಆ ತೀರ್ಮಾನ ದಕ್ಷಿಣ ಟವರ್‌ನ ನಿಯಂತ್ರಕರಿಗೆ ತಲುಪಲಿಲ್ಲ. ಅವರು ಕೋಲ್ಕತ್ತಾ ವಿಮಾನವನ್ನು ಬಿಟ್ಟರು, ಉತ್ತರದವರು ಭುವನೇಶ್ವರ ವಿಮಾನವನ್ನು ಬಿಟ್ಟರು. ಎರಡೂ ಇಂಡಿಗೋ ವಿಮಾನಗಳು. ಒಟ್ಟು 426 ಜೀವಗಳು. ಎದ್ದ ಮೇಲೆ ಅವು ಒಂದರತ್ತ ಒಂದು ವಾಲತೊಡಗಿದ್ದನ್ನು ಅಪ್ರೋಚ್ ರೇಡಾರ್ ನಿಯಂತ್ರಕರು ಗಮನಿಸಿ, ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು.

ಈ ಘಟನೆಯಲ್ಲಿ ಪ್ರಶಂಸೆಗೆ ಅರ್ಹವಾದದ್ದು ಆ ಒಬ್ಬರ ಎಚ್ಚರ. ಕಳವಳ ಹುಟ್ಟಿಸುವುದು ಮುಂದಿನ ಮೌನ: ಘಟನೆ ದಾಖಲೆ ಪುಸ್ತಕದಲ್ಲಿ ಸೇರಿರಲಿಲ್ಲ, ವರದಿಯೂ ಆಗಿರಲಿಲ್ಲ ಎಂದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ಪರಿಶೀಲನೆಯಲ್ಲಿ ತಿಳಿದುಬಂತು. ಯಾರೂ ಸಾಯದ ಘಟನೆಯೇ ಕಲಿಯಲು ಅತ್ಯುತ್ತಮ ಪಠ್ಯ, ಯಾಕೆಂದರೆ ಅಲ್ಲಿ ಎಲ್ಲ ಸಾಕ್ಷಿಗಳೂ ಬದುಕಿರುತ್ತಾರೆ. ಅದನ್ನು ಬರೆಯದೆ ಬಿಟ್ಟರೆ ಮುಂದಿನ ಪಾಳಿಯೂ ಅದೇ ಬಲೆಗೆ ನಡೆದು ಬೀಳುತ್ತದೆ.

ಪರಿಹಾರವೆಂದು ಹೆಚ್ಚಾಗಿ ಮುಂದಿಡುವುದು ಯಂತ್ರಗಳನ್ನು. ಕೇಂದ್ರದಿಂದ ಕೇಂದ್ರಕ್ಕೆ ಕಂಪ್ಯೂಟರ್‌ಗಳೇ ಹಾರಾಟದ ವಿವರ ದಾಟಿಸುವ ವ್ಯವಸ್ಥೆ ಬಂದಿದೆ. ಎರಡು ವಿಮಾನ ಹತ್ತಿರವಾಗುವ ಮುನ್ನ ಪರದೆಯ ಮೇಲೆ ಎಚ್ಚರಿಕೆ ಮಿನುಗುತ್ತದೆ. ದೂರವಾಣಿಯಲ್ಲಿ ತಪ್ಪಾಗಿ ಕೇಳಿಸಿಕೊಳ್ಳುವುದು ಈ ಕಂಪ್ಯೂಟರ್ ಕೊಂಡಿಯಿಂದ ಕಡಿಮೆಯಾಗಿದೆ. ಆದರೆ ಬೆಂಗಳೂರಿನ ಲೋಪವನ್ನು ಇಂಥ ಕೊಂಡಿ ತಡೆಯುತ್ತಿರಲಿಲ್ಲ. ಅಲ್ಲಿ ದಾಟಬೇಕಿದ್ದುದು ಹಿರಿಯರೊಬ್ಬರ ಬಾಯಿಮಾತಿನ ತೀರ್ಮಾನ. ಅಂಥ ಮಾತಿಗೆ ಬೇಕಾದದ್ದು ರೀಡ್‌ಬ್ಯಾಕ್‌ನ ಶಿಸ್ತೇ: ರನ್‌ವೇ ಬದಲಾದರೆ ಪ್ರತಿ ಮೇಜೂ ಅದನ್ನು ತಿರುಗಿ ಹೇಳಬೇಕು, ಹೇಳುವವರೆಗೆ ಬದಲಾವಣೆ ಜಾರಿಗೆ ಬರಬಾರದು.

ಇನ್ನೊಂದು ಉಪಾಯ ಇನ್ನೂ ವಿವಾದದಲ್ಲಿದೆ. ರೇಡಿಯೊ ಮತ್ತು ದೂರವಾಣಿ ಮಾತುಗಳು ಧ್ವನಿಮುದ್ರಣವಾಗುತ್ತವೆ. ಮೇಜಿನಿಂದ ಮೇಜಿಗೆ ಆಡಿದ ಮಾತು ಗಾಳಿಗೆ ಹೋಗುತ್ತದೆ. ನಿಯಂತ್ರಣ ಕೋಣೆಯ ಹಿನ್ನೆಲೆ ಸಂಭಾಷಣೆಯನ್ನೂ ಮುದ್ರಿಸಿ ಕನಿಷ್ಠ 24 ಗಂಟೆ ಇಡಬೇಕೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಶಿಫಾರಸು ಮಾಡಿದೆ, ಕಡ್ಡಾಯ ಮಾಡಿಲ್ಲ. ಮುದ್ರಿಸಿದ್ದು ಶಿಕ್ಷೆಗೆ ಬಳಕೆಯಾದೀತೆಂಬ ಭಯದಿಂದ ನಿಯಂತ್ರಕರ ಸಂಘಟನೆಗಳು ಇದನ್ನು ವಿರೋಧಿಸುತ್ತ ಬಂದಿವೆ. ಝಾಗ್ರೆಬ್‌ನ ತೀರ್ಪನ್ನು ನೆನೆದರೆ ಆ ಭಯ ಆಧಾರವಿಲ್ಲದ್ದಲ್ಲ. ತನಿಖೆಗೆ ಮಾತ್ರ ಬಳಕೆ, ಶಿಕ್ಷೆಗೆ ಅಲ್ಲ ಎಂಬ ಕಾನೂನಿನ ರಕ್ಷಣೆ ಮೊದಲು ಬಂದು ಮೈಕ್ ಆಮೇಲೆ ಬಂದರೆ ಆ ವಿರೋಧಕ್ಕೆ ಕಾರಣ ಉಳಿಯುವುದಿಲ್ಲ.