ಹೆಸರು ಅಳಿಸಿದ ರಿಪೋರ್ಟು

ಚಿಲಿ ದೇಶದಲ್ಲಿ 1973ರ ಸೆಪ್ಟೆಂಬರ್ 11ರಂದು ಸೇನೆ ಸರ್ಕಾರವನ್ನು ಉರುಳಿಸಿತು, ಪಿನೊಶೆ ಗದ್ದುಗೆ ಹಿಡಿದ. ಮರುತಿಂಗಳೇ ಜನರಲ್ ಆರೆಯಾನೊ ಪ್ಯೂಮಾ ಹೆಲಿಕಾಪ್ಟರಿನಲ್ಲಿ ಊರೂರು ತಿರುಗಿದ. ಅವನ ತಂಡ ಇಳಿದ ಹಲವು ಊರುಗಳಲ್ಲಿ ಸೆರೆಯಲ್ಲಿದ್ದ ರಾಜಕೀಯ ಕೈದಿಗಳ ಹೆಣ ಬಿತ್ತು. ಕಲಾಮಾ ಒಂದರಲ್ಲೇ 26 ಜನ. ಇದರ ಬಗ್ಗೆ ಪತ್ರಕರ್ತೆ ಪತ್ರೀಸಿಯಾ ವೆರ್ದುಗೊ 1989ರಲ್ಲಿ ಬರೆದ ಪುಸ್ತಕದ ಹೆಸರು 'ಪ್ಯೂಮಾದ ಪಂಜದೇಟು' ಅನ್ನೋ ಅರ್ಥದ್ದು. ಆಗಿನ್ನೂ ಪಿನೊಶೆಯೇ ಅಧ್ಯಕ್ಷ! ನಾನು ಓದಿದ್ದು ಇಂಗ್ಲಿಷ್ ಅನುವಾದ.

ಓದೋಕೆ ಸುಲಭ ಅಂತ ಸುಳ್ಳು ಹೇಳಲ್ಲ. ಹೆಸರು, ಹುದ್ದೆ, ತಾರೀಕು, ಮತ್ತೆ ಹೆಸರು. ಚಿಲಿಯ ಓದುಗರಿಗೆ ಗೊತ್ತಿರುವ ಎಷ್ಟೋ ಸಂಗತಿ ನಮಗೆ ಗೊತ್ತಿರಲ್ಲ, ಎರಡು ಸಲ ಕೆಳಗಿಟ್ಟೆ. ಆದರೆ ಪುಸ್ತಕದ ಗಟ್ಟಿತನವೂ ಅಲ್ಲೇ ಇದೆ. 1976ರಲ್ಲಿ ವೆರ್ದುಗೊ ಅವರ ಅಪ್ಪನನ್ನೇ ಕೊಂದಿದ್ದರು, ಹೆಣ ಮಾಪೋಚೊ ನದಿಯಲ್ಲಿ ಸಿಕ್ಕಿತ್ತು. ಆ ನೋವಿಗೆ ಅವರು 1999ರಲ್ಲಿ ಬೇರೆಯೇ ಪುಸ್ತಕ ಬರೆದರು. ಇಲ್ಲಿ ಮಾತಾಡೋದು ಸಾಕ್ಷಿಗಳು, ಅದರಲ್ಲೂ ಸೇನೆಯ ಒಳಗಿನವರೇ.

ಅವರಲ್ಲೊಬ್ಬ ಆಂತೊಫಗಸ್ತಾದ ಜನರಲ್ ಲಾಗೋಸ್. ಅವನ ಊರಲ್ಲಿ ಅವನಿಗೇ ಗೊತ್ತಿಲ್ಲದಂತೆ 14 ಕೈದಿಗಳನ್ನು ಕೊಂದಿದ್ದರು. ಸತ್ತವರ ಪಟ್ಟಿ ಕೇಳಿದಾಗ, ಯಾರ ಆದೇಶದಿಂದ ಸತ್ತರು ಅಂತ ಬೇರೆ ಬೇರೆ ಮಾಡಿ ಬರೆದ. ಆರೆಯಾನೊ ಹೆಸರು ಬಿಟ್ಟು ಎಲ್ಲ ಒಟ್ಟಿಗೆ ಬರಿ ಅಂತ ಮೇಲಿಂದ ಸೂಚನೆ ಬಂತು. ಬರೆದುಕೊಟ್ಟ. ಆದರೆ ಹಳೇ ಕಾಗದ ಎಸೆಯಲಿಲ್ಲ.

ನಾನಿಲ್ಲಿ ತಡವರಿಸಿದೆ. ಹಿಂದೊಮ್ಮೆ ಆಫೀಸಿನಲ್ಲಿ ಸರ್ವರ್ ಬಿದ್ದಾಗ ರಿಪೋರ್ಟ್ ಬರೆದಿದ್ದೆ. 'ಟೆಸ್ಟ್ ಬೇಡ ಅಂದವರು ಯಾರು' ಅನ್ನೋ ಸಾಲು ತೆಗಿ ಅಂದರು. 'ಟೆಸ್ಟ್ ಮಾಡಲಾಗಿರಲಿಲ್ಲ' ಅಂತ ತಿದ್ದಿದೆ. ಬೈಸಿಕೊಂಡಿದ್ದು ಟೀಮಿನ ಹೊಸ ಹುಡುಗ. ಕೊಲೆಗೂ ಇದಕ್ಕೂ ಹೋಲಿಕೆಯೇ ಇಲ್ಲ, ಗೊತ್ತು. ಆದರೂ ನನ್ನ ಹತ್ತಿರ ಹಳೇ ಕಾಪಿ ಇಲ್ಲ.

ಲಾಗೋಸ್ ಕಾಗದ ಕೋರ್ಟಿಗೆ ಹೋಯಿತು. ಇದೇ ಪ್ರಕರಣದಲ್ಲಿ 2000ರಲ್ಲಿ ಚಿಲಿಯ ಸುಪ್ರೀಂ ಕೋರ್ಟ್ ಪಿನೊಶೆಗಿದ್ದ ರಕ್ಷಣೆ ಕಿತ್ತುಹಾಕಿತು. ಶಿಕ್ಷೆಯೇನೂ ಆಗಲಿಲ್ಲ, 2006ರಲ್ಲಿ ಸತ್ತ. ವೆರ್ದುಗೊ 2008ರಲ್ಲಿ ತೀರಿಕೊಂಡರು. ಅಷ್ಟಾದರೂ ಪುಸ್ತಕ ಸೋತಿತು ಅಂತ ನನಗನ್ನಿಸಲ್ಲ. 'ಕೊಲ್ಲಲಾಯಿತು' ಅಂತ ಮುಗಿಸಬಹುದಾದ ಕಡೆಯೆಲ್ಲ ಅವರು 'ಕೊಂದವರು ಯಾರು' ಅಂತ ಬರೆದಿಟ್ಟಿದ್ದಾರೆ. ಸುಸ್ತು ಮಾಡಿದ ಆ ಹೆಸರುಗಳನ್ನ ಎರಡನೇ ಓದಿನಲ್ಲಿ ಒಂದೂ ಹಾರಿಸಲಿಲ್ಲ.